ಎಂಜಿನ್ ಓಡುತ್ತಿರುವಾಗಲೇ ವಿಮಾನ ಬೀಳುವುದೇಕೆ?

ಪ್ರಶ್ನೆ: ನನ್ನ ಮಗಳು ವಿಮಾನ ಚಾಲನೆಯ ತರಬೇತಿಗೆ ಸೇರಿದ್ದಾಳೆ. ಸಣ್ಣ ವಿಮಾನಗಳು ರನ್‌ವೇ ಕಣ್ಣೆದುರಿಗೆ ಇರುವಾಗಲೇ ‘ಸ್ಟಾಲ್’ ಆಗಿ ಬೀಳುತ್ತವೆ ಎಂದು ಓದಿದೆ. ಎಂಜಿನ್ ನಿಂತುಹೋಗುವುದೇ ಕಾರಣವೇ? ನಮ್ಮ ಹಾಸನದಂಥ ಎತ್ತರದ ಊರುಗಳಲ್ಲಿ ಅಪಾಯ ಹೆಚ್ಚೇ?
– ಓದುಗರೊಬ್ಬರು, ಹಾಸನ

ಉತ್ತರ: ಎಂಜಿನ್ನಿಗೂ ಸ್ಟಾಲ್‌ಗೂ ನೇರ ಸಂಬಂಧವಿಲ್ಲ. ಎದುರು ಬರುವ ಗಾಳಿಗೆ ರೆಕ್ಕೆ ಓರೆಯಾಗಿರುವ ಕೋನವು ಒಂದು ಮಿತಿಯನ್ನು, ಸಾಮಾನ್ಯವಾಗಿ 15ರಿಂದ 18 ಡಿಗ್ರಿಯನ್ನು, ದಾಟಿದರೆ ರೆಕ್ಕೆಯ ಮೇಲ್ಮೈಯನ್ನು ಹಿಡಿದು ಹರಿಯುತ್ತಿದ್ದ ಗಾಳಿ ಕಳಚಿಕೊಂಡು, ವಿಮಾನವನ್ನು ಎತ್ತಿ ಹಿಡಿದಿದ್ದ ಬಲ ಕುಸಿಯುತ್ತದೆ, ಅದೇ ಸ್ಟಾಲ್. ಕಣದಲ್ಲಿ ಬೀಸುಗಾಳಿಗೆ ಮೊರವನ್ನು ತುಸು ಓರೆಯಾಗಿ ಹಿಡಿದರೆ ಅದು ಮೇಲೇಳುತ್ತದೆ, ನೆಟ್ಟಗೆ ನಿಲ್ಲಿಸಿದರೆ ಕೈಯನ್ನು ಹಿಂದಕ್ಕೆ ತಳ್ಳುತ್ತದೆ ಅಷ್ಟೆ.

ಇಳಿಯುವಾಗ ಅತಿ ಹೆಚ್ಚು ಎಚ್ಚರ ಬೇಕಾದದ್ದು ರನ್‌ವೇಯ ನೇರಕ್ಕೆ ಬರುವ ಕೊನೆಯ ತಿರುವಿನಲ್ಲಿ. ಹಿಂದಿನಿಂದ ಗಾಳಿ ತಳ್ಳಿ ವಿಮಾನ ರನ್‌ವೇಯ ನೇರವನ್ನು ದಾಟಿ ಹೋಗುತ್ತಿದೆ ಎನ್ನಿ. ನೆಲ ಹತ್ತಿರವಿರುವುದರಿಂದ ಹೆಚ್ಚು ವಾಲಿಸಲು ಅಂಜುವ ಪೈಲಟ್, ಒಳಬದಿಯ ರಡ್ಡರ್ (ಬಾಲದ ಚುಕ್ಕಾಣಿಯ ಪೆಡಲ್) ಒತ್ತಿ ಮೂತಿಯನ್ನು ತಿರುಗಿಸಲು ನೋಡುತ್ತಾನೆ, ಮೂತಿ ಕೆಳಗಿಳಿಯುತ್ತದೆ, ಅದನ್ನು ತಡೆಯಲು ಕಂಟ್ರೋಲನ್ನು (ಮೂತಿಯನ್ನು ಏರಿಳಿಸುವ ಹಿಡಿಕೆಯನ್ನು) ತನ್ನತ್ತ ಎಳೆಯುತ್ತಾನೆ. ಆಗ ಒಳಬದಿಯ ರೆಕ್ಕೆ ಮೊದಲು ಸ್ಟಾಲ್ ಆಗಿ, ವಿಮಾನ ಆ ಕಡೆಗೇ ಮಗುಚಿ ಸುತ್ತತೊಡಗುತ್ತದೆ. ಸುಮಾರು 500 ಅಡಿ ಎತ್ತರದಲ್ಲಿ ಹೀಗಾದರೆ ಚೇತರಿಸಿಕೊಳ್ಳಲು ಜಾಗವೇ ಇರುವುದಿಲ್ಲ. ವಾಲಿಸಿ ಎತ್ತರ ಕಾಯ್ದುಕೊಂಡು ತಿರುಗುವಾಗ ಸ್ಟಾಲ್ ಆಗುವ ವೇಗವೂ ಏರುತ್ತದೆ: 45 ಡಿಗ್ರಿಗೆ ಸುಮಾರು ಶೇ 19, 60 ಡಿಗ್ರಿಗೆ ಶೇ 41. ನೇರ ಹಾರಾಟದಲ್ಲಿ 50 ನಾಟ್‌ಗೆ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಸ್ಟಾಲ್ ಆಗುವ ವಿಮಾನ ಅಷ್ಟು ವಾಲಿದಾಗ 70 ನಾಟ್‌ನಲ್ಲೇ ಕೈಕೊಡಬಹುದು.

ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಚಿಕ್ಕಮಗಳೂರು ಇನ್ನೂ ಎತ್ತರ. ಇಲ್ಲಿಯೂ ವೇಗಮಾಪಕ ತೋರಿಸುವ ಸ್ಟಾಲ್ ವೇಗ ಬದಲಾಗುವುದಿಲ್ಲ. ಆದರೆ ಗಾಳಿ ತೆಳುವಾಗಿರುವುದರಿಂದ ನಿಜವಾದ ವೇಗ ಅದಕ್ಕಿಂತ ಸುಮಾರು ಶೇ 5ರಷ್ಟು, ಏಪ್ರಿಲ್‌ನ ಮಧ್ಯಾಹ್ನಗಳಲ್ಲಿ ಅದಕ್ಕೂ ಹೆಚ್ಚು ಇರುತ್ತದೆ. ಹಾಗಾಗಿ ತಿರುವು ಅಗಲವಾಗುತ್ತದೆ, ರನ್‌ವೇಯ ನೇರವನ್ನು ದಾಟಿಬಿಡುವುದು ಸುಲಭವಾಗುತ್ತದೆ, ನೆಲ ಬೇಗ ಓಡಿದಂತೆ ಕಂಡು ವೇಗ ಇಳಿಸುವ ಮನಸ್ಸಾಗುತ್ತದೆ. ಜೊತೆಗೆ, ಮತ್ತೆ ಮೇಲೇರಬೇಕಾದರೆ ಎಂಜಿನ್ನಿನ ಶಕ್ತಿಯೂ ತುಸು ಕಡಿಮೆ.

ನಿಮ್ಮ ಮಗಳಿಗೆ ಎರಡು ಮಾತು ಹೇಳಿ. ಸ್ಟಾಲ್‌ನ ಸುಳಿವು ಸಿಕ್ಕೊಡನೆ ಮೊದಲು ಮಾಡಬೇಕಾದದ್ದು ಕಂಟ್ರೋಲನ್ನು ಮುಂದಕ್ಕೆ ತಳ್ಳಿ ಕೋನ ತಗ್ಗಿಸುವುದು. ನೆಲ ಕಾಣುತ್ತಿರುವಾಗ ಮನಸ್ಸು ಒಪ್ಪದ ಕೆಲಸವಿದು, ಆದ್ದರಿಂದ ಸಾಕಷ್ಟು ಎತ್ತರದಲ್ಲಿ ಬೋಧಕರೊಂದಿಗೆ ಮತ್ತೆ ಮತ್ತೆ ಅಭ್ಯಾಸ ಮಾಡಲಿ. ಇನ್ನೊಂದು, ಕೊನೆಯ ತಿರುವಿನಲ್ಲಿ ನೇರ ತಪ್ಪಿದರೆ ಅದನ್ನು ಸರಿಪಡಿಸಲು ಹೆಣಗದೆ, ಶಕ್ತಿ ಕೊಟ್ಟು, ಮೂತಿಯನ್ನು ಹದವಾಗಿ ಹಿಡಿದು, ಒಂದು ಸುತ್ತು ಹಾಕಿ ಮತ್ತೆ ಬರಲಿ.