ಆ ಮುಖ ಯಾರದು?

ಪ್ರಶ್ನೆ: 'ಇನ್ಸೆಪ್ಷನ್' ಚಿತ್ರದಲ್ಲಿ ಹಾಸಿಗೆ ಹಿಡಿದ ಶ್ರೀಮಂತ ಅಪ್ಪನ ಪಾತ್ರ ಮಾಡಿದವರು ಯಾರು? ಬೇರೆ ಚಿತ್ರಗಳಲ್ಲೂ ನೋಡಿದ ಮುಖ. ಹೆಸರು ಮಾತ್ರ ಗೊತ್ತಿಲ್ಲ.

ಉತ್ತರ: ಅವರು ಪೀಟ್ ಪೋಸ್ಲ್‌ತ್ವೇಟ್. ನನಗೆ ತುಂಬಾ ಇಷ್ಟದ ನಟ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಬೈಯಬೇಡಿ.

ಹುಟ್ಟಿದ್ದು 1946ರಲ್ಲಿ, ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ. ಮೊದಲು ಮೇಷ್ಟರಾಗಿದ್ದರು. ಆಮೇಲೆ ಬ್ರಿಸ್ಟಲ್‌ನಲ್ಲಿ ನಟನೆ ಕಲಿತು, ಲಿವರ್‌ಪೂಲ್‌ನ ಎವ್ರಿಮನ್ ರಂಗಮಂದಿರ ಸೇರಿದರು. ಮುಂದೆ ದೊಡ್ಡ ಹೆಸರು ಮಾಡಿದ ನಟರಾದ ಜೂಲಿ ವಾಲ್ಟರ್ಸ್, ಬಿಲ್ ನೈ ಕೂಡ ಅಲ್ಲಿದ್ದವರೇ. ಎಂಥ ತಂಡ ಅಲ್ವಾ!

ಎತ್ತಿ ನಿಂತ ಕೆನ್ನೆಯ ಮೂಳೆ, ಒರಟು ಮುಖ. ಹೀರೋ ಮಾಡುವವರು ಯಾರು? ಆದರೆ 1993ರ 'ಇನ್ ದ ನೇಮ್ ಆಫ್ ದ ಫಾದರ್' ನೋಡಿ. ಮಾಡದ ತಪ್ಪಿಗೆ ಮಗನ ಜೊತೆ ಜೈಲು ಸೇರುವ ಅಪ್ಪ. ಮಗನಾಗಿ ನಟಿಸಿದ ಡೇನಿಯಲ್ ಡೇ-ಲೂಯಿಸ್‌ಗಿಂತ ಇವರು 11 ವರ್ಷವಷ್ಟೇ ದೊಡ್ಡವರು! ನೋಡುವಾಗ ಅದು ತಲೆಗೇ ಬರುವುದಿಲ್ಲ. ಅದಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಬರಲಿಲ್ಲ.

ನನ್ನ ಆಯ್ಕೆ ಮಾತ್ರ 1996ರ 'ಬ್ರಾಸ್ಡ್ ಆಫ್'. ಗಣಿ ಮುಚ್ಚಿದ ಊರಿನ ಬ್ಯಾಂಡ್ ಮೇಷ್ಟರು, ಎದೆ ತುಂಬಾ ಕಲ್ಲಿದ್ದಲ ಧೂಳು. ಸ್ಪರ್ಧೆ ಗೆದ್ದ ಮೇಲೆ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಿಂತು ಟ್ರೋಫಿ ಬೇಡ ಅಂತಾರೆ. ಅರಚಾಟ ಇಲ್ಲ. ಸುಮ್ನೆ ಮಾತಾಡ್ತಾರೆ, ಗಂಟಲು ಮಾತ್ರ ಕಟ್ಟಿರುತ್ತದೆ.

ಹಾಲಿವುಡ್ ಕರೆದರೂ ನಾಟಕ ಬಿಡಲಿಲ್ಲ. 2008ರಲ್ಲಿ ಅದೇ ಎವ್ರಿಮನ್‌ಗೆ ಬಂದು 'ಕಿಂಗ್ ಲಿಯರ್' ಮಾಡಿದರು. 2011ರ ಜನವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 'ಬ್ರಾಸ್ಡ್ ಆಫ್' ಸಿಕ್ಕರೆ ಮೊದಲು ಅದನ್ನೇ ನೋಡಿ.