‘ಚಿಂತೆ ಬಿಡಿ’ ಎಂಬ ಲೇಖನದ ಕುರಿತು

ಮಾನ್ಯರೇ,

‘ಚಿಂತೆ ಬಿಡಿ, ದೇವರನ್ನು ಹಿಡಿಯಿರಿ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಿಷಯ ಹಳೆಯದೆಂಬ ಕಾರಣಕ್ಕಲ್ಲ. ಬೈಬಲಿನ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ ಕಠಿಣವಾದ ಮಾತನ್ನು ನೀವು ತೀರ ಸುಲಭಗೊಳಿಸಿಬಿಟ್ಟಿದ್ದೀರಿ ಎಂಬ ಕಾರಣಕ್ಕೆ.

‘ಚಿಂತೆ ಮಾಡಬೇಡಿರಿ’ ಎನ್ನುವ 25ನೆಯ ವಚನದಿಂದ ನೀವು ಆರಂಭಿಸಿದ್ದೀರಿ. ಆದರೆ ಆ ವಚನವೇ ‘ಈ ಕಾರಣದಿಂದ’ ಎಂದು ಶುರುವಾಗುತ್ತದೆ, ಮತ್ತು ಆ ಕಾರಣ ಅದರ ಹಿಂದಿನ ವಚನದಲ್ಲಿದೆ: ಯಾರೂ ಇಬ್ಬರು ಯಜಮಾನರಿಗೆ ಸೇವೆ ಮಾಡಲಾರರು, ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು. ಆ ಮಾತನ್ನು ಕೈಬಿಟ್ಟಿದ್ದರಿಂದ ನಿಮ್ಮ ಲೇಖನದಲ್ಲಿ ಚಿಂತೆಯೆಂಬುದು ಬರಿಯ ಮನಸ್ಸಿನ ಕಿರಿಕಿರಿಯಾಗಿ ಉಳಿದಿದೆ. ಯೇಸು ಕೇಳುತ್ತಿರುವುದು ನಾವು ಯಾರ ಆಳುಗಳು ಎಂಬುದನ್ನು.

ಹಾಗೆ ನೋಡಿದರೆ, ಮೊದಲು ದೇವರ ರಾಜ್ಯವನ್ನೂ ನೀತಿಯನ್ನೂ ಹುಡುಕಿರಿ, ಆಗ ಅವೆಲ್ಲವೂ ನಿಮಗೆ ದೊರಕುವವು ಎನ್ನುವ 33ನೆಯ ವಚನದ ‘ಮೊದಲು’ ಎಂಬ ಪದಕ್ಕೆ ನೀವು ಕೊಟ್ಟ ಅರ್ಥವೂ ಸಾಲದು. ಬೆಳಿಗ್ಗೆ ಎದ್ದೊಡನೆ ಪ್ರಾರ್ಥನೆ ಮುಗಿಸಿ ಉಳಿದ ಕೆಲಸಕ್ಕೆ ಹೊರಡುವುದು ಒಳ್ಳೆಯ ಅಭ್ಯಾಸವೇ ಸರಿ. ಆದರೆ ದಿನಚರಿಯ ಪಟ್ಟಿಯಲ್ಲಿ ದೇವರಿಗೆ ಮೊದಲ ಸಾಲು ಕೊಟ್ಟ ಮಾತ್ರಕ್ಕೆ ಉಳಿದ ಸಾಲುಗಳ ಒಡೆತನ ಬದಲಾಗುವುದಿಲ್ಲ. ಹಳೆಯ ಕನ್ನಡ ಅನುವಾದ ‘ಹುಡುಕಿರಿ’ ಎಂಬಲ್ಲಿ ‘ತವಕಪಡಿರಿ’ ಎನ್ನುತ್ತದೆ. ಎಷ್ಟು ಸೊಗಸಾದ ಆಯ್ಕೆ! ತವಕವನ್ನು ನಂದಿಸಿಬಿಡಿ ಎಂದು ಅದು ಹೇಳುತ್ತಿಲ್ಲ, ಅದರ ದಿಕ್ಕನ್ನು ಬದಲಿಸುತ್ತಿದೆ. ಇನ್ನು ದೇವರಿಗೆ ಮೊದಲ ಸ್ಥಾನ ಕೊಟ್ಟವರಿಗೆ ಮನೆ, ಬಡ್ತಿ, ಮದುವೆ ಎಲ್ಲವೂ ಕೂಡಿಬರುತ್ತವೆ ಎಂಬ ನಿಮ್ಮ ಮಾತಿಗೆ ಆ ವಚನದಲ್ಲಿ ಆಧಾರವಿಲ್ಲ. ‘ಅವೆಲ್ಲವೂ’ ಎಂದರೆ 31ನೆಯ ವಚನದಲ್ಲಿ ಹೇಳಿರುವ ಊಟ, ನೀರು, ಬಟ್ಟೆ, ಅಷ್ಟೇ.

ಸಣ್ಣದೊಂದು ತಪ್ಪು: ಮತ್ತಾಯನಲ್ಲಿರುವುದು ಆಕಾಶದ ಹಕ್ಕಿಗಳು, ನೀವು ಉಲ್ಲೇಖಿಸಿದ ಕಾಗೆಗಳು ಲೂಕನ ಸುವಾರ್ತೆಯ 12ನೆಯ ಅಧ್ಯಾಯದವು. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎಂಬ ಚಮತ್ಕಾರವನ್ನೂ ದಯವಿಟ್ಟು ತೆಗೆಯಿರಿ, ಅದು ಸವೆದು ಹೋಗಿದೆ.

ನನಗೆ ನಿಜವಾಗಿ ಬೇಸರ ತಂದದ್ದು ‘ಚಿಂತಿಸುವವನಿಗೆ ವಿಶ್ವಾಸವಿಲ್ಲ’ ಎಂಬ ತೀರ್ಪು. ಯಾವುದಕ್ಕೂ ಚಿಂತೆ ಮಾಡಬೇಡಿರಿ ಎಂದು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಸೆರೆಯಿಂದ ಬರೆದ ಅಪೊಸ್ತಲ ಪೌಲನೇ, ಎಲ್ಲ ಕ್ರೈಸ್ತ ಸಭೆಗಳ ಚಿಂತೆ ದಿನವೂ ತನ್ನನ್ನು ಒತ್ತುತ್ತಿದೆ ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಒಪ್ಪಿಕೊಳ್ಳುತ್ತಾನೆ. ಮೂಲ ಗ್ರೀಕ್‌ನಲ್ಲಿ ಎರಡೂ ಕಡೆ ಒಂದೇ ಧಾತುವಿನ ಪದಗಳಿವೆ. ಫಿಲಿಪ್ಪಿಯವರಿಗೆ ಬರೆದ ಅದೇ ಪತ್ರದಲ್ಲಿ ತನ್ನ ಜೊತೆಗಾರ ತಿಮೊಥೆಯನನ್ನು ಹೊಗಳುವಾಗಲೂ ಅವನು ಬಳಸುವುದು ಆ ಕ್ರಿಯಾಪದವನ್ನೇ. ಪರರಿಗಾಗಿ ಮರುಗುವ ಚಿಂತೆಗೂ ತನ್ನ ನಾಳೆಯನ್ನು ತಾನೇ ಭದ್ರಪಡಿಸಿಕೊಳ್ಳಬೇಕೆಂಬ ಚಿಂತೆಗೂ ಇರುವ ಅಂತರವನ್ನು ನೀವು ಗುರುತಿಸಲೇಬೇಕು. ಇಲ್ಲವಾದರೆ, ಕಾಯಿಲೆಯಾದ ಮಗುವಿನ ಪಕ್ಕದಲ್ಲಿ ಕುಳಿತು ನಿಮ್ಮ ಲೇಖನ ಓದುವ ತಾಯಿಗೆ ಅಪರಾಧಿ ಭಾವವೊಂದು ಹೆಚ್ಚುವರಿಯಾಗಿ ಸಿಗುತ್ತದೆ.

ಇಷ್ಟೆಲ್ಲ ಬರೆಯಲು ಕಾರಣ ನಿಮ್ಮ ನಾಲ್ಕನೆಯ ಪುಟ. ನಡುರಾತ್ರಿ ಎದ್ದು ಬಾಗಿಲ ಚಿಲಕ ನೋಡಿ, ಹಾಸಿಗೆಗೆ ಮರಳಿ, ಮತ್ತೆ ಎದ್ದು ಅದೇ ಚಿಲಕವನ್ನು ಮುಟ್ಟಿ ನೋಡುವ ನಿಮ್ಮ ತಂದೆಯ ಚಿತ್ರ ಅಲ್ಲಿದೆ. ಅದನ್ನು ಮೂರು ಸಾಲಿಗೆ ಮುಗಿಸಿ ಉಪದೇಶಕ್ಕೆ ಹಾರಿದ್ದೀರಿ. ಅಲ್ಲಿಂದಲೇ ಆರಂಭಿಸಿ. ಅವರು ಕೊನೆಗೂ ನಿದ್ದೆ ಮಾಡಿದರೋ ಇಲ್ಲವೋ ಎಂಬುದನ್ನು ಇದ್ದದ್ದು ಇದ್ದಂತೆ ಬರೆಯಿರಿ, ಮಾಡಲಿಲ್ಲವಾದರೆ ಹಾಗೆಯೇ. ವಚನಗಳು ಎರಡು ಸಾಕು, 24 ಮತ್ತು 33. ತಿದ್ದಿದ ಪ್ರತಿ ಈಗಿನದರ ಅರ್ಧದಷ್ಟಿದ್ದರೂ ಚಿಂತೆಯಿಲ್ಲ.

ಸಂಪಾದಕ