ಪ್ರತಿಕ್ರಿಯೆ: ಕಡಲಿಗೆ ಕಬ್ಬಿಣ, ಮಾರುಕಟ್ಟೆಗೆ ಕ್ರೆಡಿಟ್?

ಕಡಲಿಗೆ ಕಬ್ಬಿಣದ ಲವಣ ಸುರಿದು, ಪಾಚಿ ಬೆಳೆಸಿ, ಅದು ಗಾಳಿಯಿಂದ ಹೀರಿದ ಇಂಗಾಲ ಕಡಲಾಳಕ್ಕೆ ಇಳಿಯುತ್ತದೆಂದು ಲೆಕ್ಕ ತೋರಿಸಿ, ಕಾರ್ಬನ್ ಕ್ರೆಡಿಟ್ (ಇಂಗಾಲ ತಗ್ಗಿಸಿದ್ದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ಮಾರುವ ಕಂಪನಿಯೊಂದರ ಯೋಜನೆಗೆ ಹಣ ಹೂಡಬಹುದೇ ಎಂದು ವಾಸ್ಕೋದಿಂದ ತಾವು ಕೇಳಿದ್ದೀರಿ. ಬೇಡವೆಂಬುದು ನನ್ನ ಅಭಿಪ್ರಾಯ. ನಮ್ಮ ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯು ಜರ್ಮನ್ ವಿಜ್ಞಾನಿಗಳೊಂದಿಗೆ 2009ರಲ್ಲಿ ದಕ್ಷಿಣ ಮಹಾಸಾಗರದಲ್ಲಿ ನಡೆಸಿದ, ಹೀಗೇ ಕಬ್ಬಿಣ ಸುರಿಯುವ ಲೋಹಾಫೆಕ್ಸ್ ಪ್ರಯೋಗವನ್ನು, ಹಡಗು ಹೊರಟ ಮೇಲೂ ಜರ್ಮನ್ ಸರ್ಕಾರ ಕೆಲಕಾಲ ತಡೆಹಿಡಿದಿತ್ತು. ಏಕೆಂದರೆ ಜೀವವೈವಿಧ್ಯ ಒಪ್ಪಂದದ ರಾಷ್ಟ್ರಗಳು 2008ರಲ್ಲೇ, ಕರಾವಳಿಯ ಸಣ್ಣ ವೈಜ್ಞಾನಿಕ ಅಧ್ಯಯನಗಳನ್ನು ಬಿಟ್ಟು ಇಂಥದ್ದೇನೂ ನಡೆಯಬಾರದು, ಆ ಅಧ್ಯಯನಗಳನ್ನೂ ಕ್ರೆಡಿಟ್ ಮಾರಾಟಕ್ಕೆ ಬಳಸಬಾರದು ಎಂದು ತೀರ್ಮಾನಿಸಿದ್ದವು. ಕೊನೆಗೆ ಪ್ರಯೋಗ ನಡೆಯಿತೆನ್ನಿ. ಆದರೆ ಆ ನೀರಿನಲ್ಲಿ ಸಿಲಿಕಾ ಕೊರತೆಯಿದ್ದುದರಿಂದ ಸಿಲಿಕಾದಿಂದಲೇ ಗಟ್ಟಿ ಚಿಪ್ಪು ಕಟ್ಟಿಕೊಳ್ಳುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಬೆಳೆಯಲಿಲ್ಲ, ಬೆಳೆದ ಬೇರೆ ಪಾಚಿಯನ್ನು ಸಣ್ಣ ಜಲಜೀವಿಗಳು ಮೇಯ್ದವು, ಆಳಕ್ಕಿಳಿದ ಇಂಗಾಲ ಅತ್ಯಲ್ಪ. ಹಾಗಾಗಿ ಕಂಪನಿ ಅನುಮತಿಪತ್ರ ತೋರಿಸಿದರೂ ಸಾಲದು. ಆಳಕ್ಕಿಳಿದ ಇಂಗಾಲವನ್ನು ಅಳೆಯುವವರು ಯಾರು, ಆ ಅಳತೆಯನ್ನು ಪರಿಶೀಲಿಸುವ ಸ್ವತಂತ್ರ ಸಂಸ್ಥೆ ಯಾವುದು ಎಂಬುದನ್ನು ಆ ಕಂಪನಿಯಿಂದ ಲಿಖಿತವಾಗಿ ಕೇಳಿ.